ಬೆಳಗಿನ ಹದಿನೈದು ನಿಮಿಷ: ಕೂದಲು, ಮುಖ, ಉಗುರುಗಳ ದಿನನಿತ್ಯದ ಅಲಂಕಾರಕ್ಕೆ ಸಮಗ್ರ ಮಾರ್ಗದರ್ಶಿ

ಮದುವೆಮನೆಗೆ ಸಿಂಗರಿಸಿಕೊಳ್ಳಲು ಎರಡು ಗಂಟೆ ಕೂರುವವರಿಗೂ ಕೆಲಸಕ್ಕೆ ಹೊರಡುವ ಬೆಳಿಗ್ಗೆ ಕನ್ನಡಿಯ ಮುಂದೆ ಸಿಗುವುದು ಹೆಚ್ಚೆಂದರೆ ಹದಿನೈದು ನಿಮಿಷ. ಡಬ್ಬಿ ಕಟ್ಟಬೇಕು, ಮಗಳ ಜಡೆ ಹೆಣೆಯಬೇಕು, ಎಂಟು ಗಂಟೆಯ ಬಸ್ಸು ಹಿಡಿಯಬೇಕು. ಆ ಹದಿನೈದು ನಿಮಿಷಕ್ಕೆ ಹೊಂದುವ, ನಮ್ಮ ಊರುಗಳ ಬಿಸಿಲು, ದೂಳು, ಬೋರ್‌ವೆಲ್ ನೀರು, ಹೆಲ್ಮೆಟ್ಟುಗಳನ್ನು ತಾಳಿಕೊಳ್ಳುವ ಅಲಂಕಾರದ ಕ್ರಮವನ್ನು ಇಲ್ಲಿ ವಿವರವಾಗಿ ಬರೆದಿದ್ದೇನೆ. ಯಾವುದೇ ವಿಧಾನವನ್ನು ಆರಿಸಿಕೊಳ್ಳುವ ಮುನ್ನ ನಾನು ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಬೆಳಿಗ್ಗೆ ಮಾಡಿಕೊಂಡದ್ದು ಮತ್ತೆ ಮತ್ತೆ ತಿದ್ದದೆ ಸಂಜೆಯವರೆಗೆ ನಿಲ್ಲುತ್ತದೆಯೇ? ರಾತ್ರಿ ಅದನ್ನು ತೆಗೆಯುವಾಗ ಚರ್ಮಕ್ಕಾಗಲಿ ಕೂದಲಿಗಾಗಲಿ ನೋವಾಗದೆ ಬಿಟ್ಟುಬರುತ್ತದೆಯೇ? ಎರಡಕ್ಕೂ ಹೌದು ಎನ್ನಬಹುದಾದದ್ದು ದಿನನಿತ್ಯಕ್ಕೆ. ಉಳಿದದ್ದು ಹಬ್ಬ ಹುಣ್ಣಿಮೆಗೆ. ಇಷ್ಟು ಸಮಯ ಸಾಕಾಗಬೇಕಾದರೆ ಕೆಲಸದ ಬಹುಪಾಲು ಹಿಂದಿನ ಸಂಜೆಯೇ ಮುಗಿದಿರಬೇಕು, ಆದ್ದರಿಂದ ಸಂಜೆಯ ಕೆಲಸದಿಂದಲೇ ಆರಂಭಿಸುತ್ತೇನೆ.

ತಲೆಸ್ನಾನ ಹಿಂದಿನ ದಿನವೇ

ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲನ್ನೇ ಬಾಚಿ ಗಂಟು ಕಟ್ಟಿಕೊಂಡು ಓಡುವುದು ನಮ್ಮಲ್ಲಿ ಬಹಳ ಸಾಮಾನ್ಯ. ಕೂದಲಿಗೆ ಇದರಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಒದ್ದೆಯಾದಾಗ ಕೂದಲಿನ ಎಳೆ ಉಬ್ಬಿ ಮೆತ್ತಗಾಗುತ್ತದೆ, ಎಳೆದಷ್ಟೂ ಹಿಗ್ಗಿ ಕೊನೆಗೆ ತುಂಡಾಗುತ್ತದೆ. ಸಂಜೆ ತೊಳೆದು, ಹಳೆಯ ಹತ್ತಿಯ ಪಂಚೆಯಿಂದಲೋ ಟೀ ಶರ್ಟಿನಿಂದಲೋ ಒತ್ತಿ ನೀರು ಹೀರಿಸಿ, ಫ್ಯಾನಿನ ಗಾಳಿಗೆ ಒಣಗಲು ಬಿಟ್ಟರೆ ಮರುದಿನದ ಅರ್ಧ ಕೆಲಸ ಮುಗಿದಂತೆ. ಟರ್ಕಿ ಟವೆಲಿನಿಂದ ತಿಕ್ಕಬಾರದು.

ತೊಳೆಯುವ ಮುನ್ನ ಒಂದು ಗಂಟೆ ಎಣ್ಣೆ ಹಚ್ಚಿಟ್ಟರೆ ಸಾಕು. ಕೊಬ್ಬರಿ ಎಣ್ಣೆ ಎಳೆಯ ಒಳಕ್ಕೆ ಇಳಿಯುವ ಗುಣವುಳ್ಳದ್ದು; ತೊಳೆಯುವಾಗ ಕೂದಲು ಕಳೆದುಕೊಳ್ಳುವ ಪ್ರೋಟೀನನ್ನು ಅದು ಕಡಿಮೆ ಮಾಡುತ್ತದೆ. ಹೊಟ್ಟಿನ ಸಮಸ್ಯೆ ಇರುವವರು ರಾತ್ರಿಯಿಡೀ ಬುಡಕ್ಕೆ ಎಣ್ಣೆ ಹಾಕಿ ಮಲಗಬಾರದು, ಏಕೆಂದರೆ ಹೊಟ್ಟಿಗೆ ಕಾರಣವಾಗುವ ಶಿಲೀಂಧ್ರಕ್ಕೆ ಎಣ್ಣೆಯೇ ಆಹಾರ. ಅಂಥವರು ಕಿವಿಯಿಂದ ಕೆಳಗಿನ ಕೂದಲಿಗಷ್ಟೇ ಹಚ್ಚಿಕೊಳ್ಳಲಿ.

ಸೀಗೆಪುಡಿ ಬಳಸುವವರು ಅದನ್ನು ತೆಳುಬಟ್ಟೆಯಲ್ಲಿ ಜಾಲಿಸಿ, ಬಿಸಿನೀರಿನಲ್ಲಿ ಕಲಸಿ, ಸೋಸಿಕೊಂಡರೆ ತಲೆಯಲ್ಲಿ ತರಿ ಉಳಿಯುವುದಿಲ್ಲ. ಕಣ್ಣು ಮಾತ್ರ ಬಿಗಿಯಾಗಿ ಮುಚ್ಚಿಕೊಳ್ಳಬೇಕು. ಶಾಂಪೂ ಬಳಸುವವರು ಅದನ್ನು ಒಂದು ಮಗ್ ನೀರಿನಲ್ಲಿ ಕರಗಿಸಿ ಬುಡಕ್ಕೆ ಮಾತ್ರ ಹಾಕಿ. ಇಳಿದು ಬರುವ ನೊರೆಯೇ ತುದಿಗೆ ಸಾಕು. ಕಂಡೀಷನರ್ ಇದಕ್ಕೆ ತದ್ವಿರುದ್ಧ, ಅದು ತುದಿಗೆ, ಬುಡಕ್ಕೆ ಬೇಡ. ಬೋರ್‌ವೆಲ್ ನೀರಿನ ಮನೆಗಳಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಕೂದಲ ಮೇಲೆ ಪದರವಾಗಿ ಕೂತು ಅದನ್ನು ತೆಂಗಿನ ನಾರಿನಂತೆ ಒರಟಾಗಿಸುತ್ತವೆ. ಕೊನೆಯ ಎರಡು ಮಗ್ ಮಾತ್ರ ಕಾವೇರಿ ನೀರೋ, ಹಿಡಿದಿಟ್ಟ ಮಳೆನೀರೋ ಆಗಿದ್ದರೆ ವ್ಯತ್ಯಾಸ ಕೈಗೆ ತಿಳಿಯುತ್ತದೆ. ಅದಿಲ್ಲದವರು ಒಂದು ಲೀಟರ್ ನೀರಿಗೆ ಒಂದು ಚಮಚ ವಿನೆಗರ್ ಬೆರೆಸಿ ಕೊನೆಗೆ ಹಾಕಿಕೊಳ್ಳಬಹುದು.

ದಿನಕ್ಕೆ 50ರಿಂದ 100 ಎಳೆ ಉದುರುವುದು ಸಹಜ. ವಾರಕ್ಕೆ ಎರಡೇ ಬಾರಿ ತಲೆ ತೊಳೆಯುವವರಿಗೆ ಅಷ್ಟೂ ಒಟ್ಟಿಗೆ ಕೈಗೆ ಬಂದು ಗಾಬರಿಯಾಗುತ್ತದೆ, ಅಷ್ಟೆ.

ಜಡೆ, ತುರುಬು, ಹೂ

ಸಂಜೆಯವರೆಗೆ ನಿಲ್ಲುವುದರಲ್ಲಿ ಜಡೆಯನ್ನು ಮೀರಿಸುವ ಕೇಶವಿನ್ಯಾಸ ನನಗೆ ತಿಳಿದಿಲ್ಲ. ಆದರೆ ಶಾಲೆಗೆ ಹೋಗುವಾಗ ಅಮ್ಮ ಹುಬ್ಬು ಮೇಲೇರುವಷ್ಟು ಬಿಗಿಯಾಗಿ ಹೆಣೆಯುತ್ತಿದ್ದ ಜಡೆ ಇದಲ್ಲ. ವರ್ಷಗಟ್ಟಲೆ ಬಿಗಿಯಾಗಿ ಎಳೆದು ಕಟ್ಟಿದರೆ ಹಣೆಯ ಅಂಚಿನಲ್ಲಿ, ಕಿವಿಯ ಮೇಲ್ಭಾಗದಲ್ಲಿ ಕೂದಲ ಬುಡ ಸೋತು, ಕೂದಲು ಶಾಶ್ವತವಾಗಿ ಹಿಂದೆ ಸರಿಯುವ ಅಪಾಯವಿದೆ. ಕಟ್ಟಿದ ಮೇಲೆ ತಲೆ ನೋಯುತ್ತಿದ್ದರೆ ಅದು ಬಿಗಿಯಾಯಿತು ಎಂದೇ ಅರ್ಥ.

ಕೆಲಸದ ದಿನಕ್ಕೆ ನಾನು ಹೆಣೆದುಕೊಳ್ಳುವ ಜಡೆಯ ಕ್ರಮ ಹೀಗಿದೆ. ಅಗಲ ಹಲ್ಲಿನ ಹಣಿಗೆಯಿಂದ ಮೊದಲು ತುದಿ, ಆಮೇಲೆ ನಡು, ಕೊನೆಗೆ ಬುಡ ಎಂಬ ಕ್ರಮದಲ್ಲಿ ಸಿಕ್ಕು ಬಿಡಿಸಬೇಕು. ಬೈತಲೆಯನ್ನು ನಡುವಿನಿಂದ ಒಂದು ಬೆರಳಷ್ಟು ಪಕ್ಕಕ್ಕೆ ತೆಗೆದರೆ ಮುಖಕ್ಕೆ ಮೃದುತ್ವ ಬರುತ್ತದೆ, ಒಂದೇ ಗೆರೆಯಲ್ಲಿ ಕೂದಲು ತೆಳುವಾಗುವುದೂ ತಪ್ಪುತ್ತದೆ. ಎರಡೂ ಕಿವಿಯ ಮುಂದಿನಿಂದ ಹೆಬ್ಬೆರಳಷ್ಟು ದಪ್ಪದ ಎಳೆ ಬಿಡಿಸಿಕೊಂಡು, ಒಳಮುಖವಾಗಿ ಹೊಸೆಯುತ್ತಾ ಹಿಂದಕ್ಕೆ ಒಯ್ದು, ಕತ್ತಿನ ಮೇಲೆ ಎರಡನ್ನೂ ಸೇರಿಸಿ ಸಣ್ಣ ರಬ್ಬರ್ ಹಾಕಬೇಕು. ಈಗ ಎಲ್ಲ ಕೂದಲನ್ನೂ ಸೇರಿಸಿ ಮೂರು ಕಾಲು ಮಾಡಿ, ಮೊದಲ ಮೂರು ಹೆಣಿಗೆ ಸಡಿಲವಾಗಿ, ಮುಂದಿನದನ್ನು ಸಾಧಾರಣ ಬಿಗಿಯಾಗಿ ಹೆಣೆದು, ತುದಿಯಿಂದ ನಾಲ್ಕು ಬೆರಳು ಮೇಲೆ ಬಟ್ಟೆಯ ಬ್ಯಾಂಡ್ ಹಾಕಬೇಕು. ಹೆಣೆದಾದ ಮೇಲೆ ಎರಡೂ ಅಂಚುಗಳನ್ನು ಬೆರಳ ತುದಿಯಿಂದ ಸ್ವಲ್ಪ ಸ್ವಲ್ಪವೇ ಹೊರಗೆ ಎಳೆದರೆ ತೆಳುವಾದ ಜಡೆಯೂ ತುಂಬಿಕೊಂಡು ಕಾಣುತ್ತದೆ. ಅಭ್ಯಾಸವಾದರೆ ಇದಿಷ್ಟಕ್ಕೂ ನಾಲ್ಕು ನಿಮಿಷ ಸಾಕು.

ಇದೇ ಜಡೆಯನ್ನು ಕತ್ತಿನ ಬುಡದಲ್ಲಿ ಸುತ್ತಿ, ತುದಿಯನ್ನು ಒಳಗೆ ತೂರಿಸಿ, ನಾಲ್ಕು ಯು ಪಿನ್ ಚುಚ್ಚಿದರೆ ಸೀರೆಗೂ ಕುರ್ತಾಗೂ ಒಪ್ಪುವ ತುರುಬಾಗುತ್ತದೆ. ಪಿನ್ನನ್ನು ಮೊದಲು ತುರುಬಿನ ಅಂಚಿನ ಕೂದಲಿಗೆ ಸಿಕ್ಕಿಸಿ, ಅಲ್ಲಿಂದ ಬುಡದ ಕಡೆಗೆ ತಿರುಗಿಸಿ ಒಳಕ್ಕೆ ತಳ್ಳಬೇಕು. ನೇರವಾಗಿ ಚುಚ್ಚಿದ ಪಿನ್ನು ಮಧ್ಯಾಹ್ನದೊಳಗೆ ಜಾರುತ್ತದೆ. ಸ್ಕೂಟರಿನಲ್ಲಿ ಓಡಾಡುವವರಿಗೆ ಎತ್ತರದ ಕುದುರೆಬಾಲವಾಗಲಿ ನೆತ್ತಿಯ ಗಂಟಾಗಲಿ ಆಗದು, ಹೆಲ್ಮೆಟ್ ಸರಿಯಾಗಿ ಕೂರುವುದಿಲ್ಲ. ತಲೆಗೊಂದು ತೆಳು ಹತ್ತಿಯ ಸ್ಕಾರ್ಫ್ ಕಟ್ಟಿ ಅದರ ಮೇಲೆ ಹೆಲ್ಮೆಟ್ ಹಾಕಿದರೆ ಬೆವರನ್ನು ಬಟ್ಟೆ ಹೀರಿಕೊಳ್ಳುತ್ತದೆ, ಬೈತಲೆಯೂ ಕೆಡುವುದಿಲ್ಲ.

ಗುಂಗುರು ಕೂದಲಿನವರು ಒಣಗಿದ ಮೇಲೆ ಬಾಚಲೇಬಾರದು. ಕಂಡೀಷನರ್ ಹಚ್ಚಿದಾಗಲೇ ಬೆರಳಿನಿಂದ ಸಿಕ್ಕು ಬಿಡಿಸಿ, ಒಣಗಿದ ಮೇಲೆ ಮೇಲಿನ ಅರ್ಧ ಕೂದಲಿಗೆ ಒಂದು ಕ್ಲಚ್ ಹಾಕಿದರೆ ಅಷ್ಟೇ ಚೆಂದ.

ಹೂವಿನ ವಿಷಯಕ್ಕೆ ಬಂದರೆ, ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಮೂರು ಮಲ್ಲಿಗೆ ನಮ್ಮ ನಾಡಿನಲ್ಲೇ ಇವೆ: ಮೈಸೂರು, ಉಡುಪಿ, ಹಡಗಲಿ. ಕೆಲಸಕ್ಕೆ ಹೋಗುವಾಗ ಮೊಳವುದ್ದ ಬೇಕಿಲ್ಲ, ಗೇಣುದ್ದದ ತುಂಡು ಸಾಕು. ಪಿನ್ನನ್ನು ಹೂವಿಗೆ ಚುಚ್ಚದೆ, ಕಟ್ಟಿದ ನಾರಿಗೆ ಸಿಕ್ಕಿಸಬೇಕು. ತೊಟ್ಟು ಗಾಯಗೊಂಡ ಹೂ ಬಹುಬೇಗ ಕಂದುತ್ತದೆ. ಹಿಂದಿನ ಸಂಜೆ ತಂದ ಮೊಗ್ಗಿನ ದಂಡೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಟ್ಟರೆ ಮರುದಿನ ಮುಡಿಯುವಾಗಲೂ ತಾಜಾ ಇರುತ್ತದೆ.

ಮುಖ: ಕಡಿಮೆ ಪದರ, ಸರಿಯಾದ ಕ್ರಮ

ಮುಖ ತೊಳೆದು, ಇನ್ನೂ ಸ್ವಲ್ಪ ತೇವ ಇರುವಾಗಲೇ ಮಾಯಿಶ್ಚರೈಸರ್ ಹಚ್ಚಬೇಕು. ಎಣ್ಣೆ ಚರ್ಮದವರೂ ಇದನ್ನು ಬಿಡಬಾರದು, ಜೆಲ್ ರೂಪದ್ದನ್ನು ಆರಿಸಿಕೊಂಡರಾಯಿತು. ಎರಡು ನಿಮಿಷ ಬಿಟ್ಟು ಸನ್‌ಸ್ಕ್ರೀನ್. ತೋರುಬೆರಳು, ನಡುಬೆರಳುಗಳ ಉದ್ದಕ್ಕೂ ಎರಡು ಗೆರೆ ಹಿಂಡಿದಷ್ಟು ಪ್ರಮಾಣ ಮುಖ ಮತ್ತು ಕತ್ತಿಗೆ ಬೇಕು. ಕಡಲೆಕಾಳಿನಷ್ಟು ಹಚ್ಚಿ 50 ಎಸ್‌ಪಿಎಫ್ (ಬಿಸಿಲಿನಿಂದ ಸಿಗುವ ರಕ್ಷಣೆಯ ಅಳತೆ) ಎಂದುಕೊಂಡರೆ ಡಬ್ಬಿಯ ಮೇಲಿನ ಸಂಖ್ಯೆಗೆ ಅರ್ಥವಿರುವುದಿಲ್ಲ. 30 ಎಸ್‌ಪಿಎಫ್ ಸುಮಾರು ನೂರಕ್ಕೆ 97ರಷ್ಟು ಯುವಿಬಿ ಕಿರಣಗಳನ್ನು, ಅಂದರೆ ಬಿಸಿಲಿನಲ್ಲಿ ಚರ್ಮ ಸುಡುವ ಕಿರಣಗಳನ್ನು, ತಡೆಯುತ್ತದೆ, 50 ಎಸ್‌ಪಿಎಫ್ ಸುಮಾರು 98ರಷ್ಟು. ಆದ್ದರಿಂದ ಹೆಚ್ಚಿನ ಸಂಖ್ಯೆಗೆ ಹೆಚ್ಚು ಹಣ ಕೊಡುವುದಕ್ಕಿಂತ ಸಾಕಷ್ಟು ಹಚ್ಚುವುದೇ ಮುಖ್ಯ. ಬಸ್ಸಿನ ಕಿಟಕಿಯ ಗಾಜು ಚರ್ಮದ ಆಳಕ್ಕಿಳಿಯುವ ಯುವಿಎ ಕಿರಣಗಳನ್ನು ಪೂರ್ತಿಯಾಗಿ ತಡೆಯುವುದಿಲ್ಲ, ಹಾಗಾಗಿ ಯುವಿಎ ತಡೆಯನ್ನು ಸೂಚಿಸುವ ಪಿಎ ಎಂಬ ಗುರುತೂ ಇದೆಯೇ ಎಂದು ನೋಡಿಕೊಳ್ಳಬೇಕು. ನಮ್ಮ ಗೋಧಿ ಬಣ್ಣಕ್ಕೆ, ಕಪ್ಪು ಬಣ್ಣಕ್ಕೆ ಕೆಲವು ಸನ್‌ಸ್ಕ್ರೀನ್‌ಗಳು ಬೂದಿ ಬಳಿದಂತೆ ಕಾಣುತ್ತವೆ. ಸತುವಿನ ಆಕ್ಸೈಡ್ ಹೆಚ್ಚಿರುವ ಬಿಳಿ ಕ್ರೀಮುಗಳಲ್ಲಿ ಇದು ಜಾಸ್ತಿ. ಜೆಲ್ ರೂಪದ್ದು ಅಥವಾ ಚರ್ಮದ ಬಣ್ಣ ಬೆರೆಸಿದ್ದು ಹೊಂದುತ್ತದೆ.

ದಿನನಿತ್ಯಕ್ಕೆ ಮುಖವಿಡೀ ಫೌಂಡೇಶನ್ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಬೆವರಿದಾಗ ಅದು ಮೂಗಿನ ಪಕ್ಕದಲ್ಲಿ ಒಡೆದು, ಗೆರೆಗಳಲ್ಲಿ ಕೂತು, ಇಲ್ಲದ ಸುಕ್ಕನ್ನು ತೋರಿಸುತ್ತದೆ. ಕಣ್ಣಿನ ಕೆಳಗೆ, ಮೂಗಿನ ಇಕ್ಕೆಲ, ಮೊಡವೆಯ ಕಲೆ ಇವಿಷ್ಟಕ್ಕೆ ಕಲೆ ಮುಚ್ಚುವ ಕನ್ಸೀಲರಿನ ಚುಕ್ಕೆಯಿಟ್ಟು, ಉಂಗುರ ಬೆರಳಿನಿಂದ ತಿಕ್ಕದೆ ತಟ್ಟಿ ಬೆರೆಸಿದರೆ ಸಾಕು. ಕಣ್ಣಿನ ಕೆಳಗೆ ಕಪ್ಪು ಹೆಚ್ಚಾಗಿದ್ದರೆ ಮೊದಲು ಕಿತ್ತಳೆ ಛಾಯೆಯ ಕರೆಕ್ಟರನ್ನು ತೆಳುವಾಗಿ ಹಚ್ಚಬೇಕು. ನೀಲಿ ಮಿಶ್ರಿತ ಕಪ್ಪನ್ನು ಕಿತ್ತಳೆ ಸರಿದೂಗಿಸುತ್ತದೆ. ಬಣ್ಣದ ಆಯ್ಕೆಯನ್ನು ಅಂಗಡಿಯ ದೀಪದ ಕೆಳಗೆ, ಅಂಗೈಯ ಹಿಂಬದಿಯಲ್ಲಿ ಮಾಡುವುದು ಎಲ್ಲರೂ ಮಾಡುವ ತಪ್ಪು. ದವಡೆಯ ಮೇಲೆ ಒಂದು ಗೆರೆ ಎಳೆದು, ಅಂಗಡಿಯಿಂದ ಹೊರಗೆ ಬಂದು ಹಗಲ ಬೆಳಕಿನಲ್ಲಿ ಕನ್ನಡಿ ನೋಡಬೇಕು. ಗೆರೆ ಕಾಣದೆ ಹೋದರೆ ಅದೇ ನಿಮ್ಮ ಬಣ್ಣ. ನಿಮ್ಮದಕ್ಕಿಂತ ಒಂದು ಛಾಯೆ ಬಿಳಿಯದನ್ನು ಕೊಳ್ಳುವಂತೆ ಯಾರು ಒತ್ತಾಯಿಸಿದರೂ ಕೇಳಬೇಡಿ. ನಿಮ್ಮ ಬಣ್ಣ ಮುಚ್ಚಿಡಬೇಕಾದ ಕೊರತೆಯಲ್ಲ.

ಹಣೆ, ಮೂಗು, ಗಲ್ಲಗಳಿಗೆ ಮಾತ್ರ ಕಾಂಪ್ಯಾಕ್ಟ್ ಪುಡಿ ಒತ್ತಿ. ಕೆನ್ನೆಗೆ ಬೇರೆ ಬಣ್ಣ ಕೊಳ್ಳಬೇಕಿಲ್ಲ. ತುಟಿಗೆ ಹಚ್ಚುವ ಕೆನೆಯಂಥ ಲಿಪ್‌ಸ್ಟಿಕ್ಕನ್ನೇ ಎರಡು ಚುಕ್ಕೆಯಿಟ್ಟು ಮೇಲ್ಮುಖವಾಗಿ ತಟ್ಟಿದರೆ ತುಟಿ ಕೆನ್ನೆ ಎರಡೂ ಒಂದೇ ಛಾಯೆಯಲ್ಲಿ ಹೊಂದುತ್ತವೆ.

ಹರಡದ ಕಾಡಿಗೆ

ಕಾಡಿಗೆ ಇಲ್ಲದೆ ಮುಖ ಬರಿದೆನಿಸುವವರಲ್ಲಿ ನಾನೂ ಒಬ್ಬಳು. ಅದು ಹರಡುವುದಕ್ಕೆ ಕಾರಣ ಕಣ್ಣಿನ ಕೆಳಗಿನ ಕ್ರೀಮು, ಬೆವರು ಮತ್ತು ರೆಪ್ಪೆಯಂಚಿನ ತೇವ. ಆದ್ದರಿಂದ ಮೊದಲು ಕಣ್ಣಿನ ಕೆಳಭಾಗವನ್ನು ಟಿಶ್ಯೂವಿನಿಂದ ಒತ್ತಿ ಒಣಗಿಸಿ, ಚಿಟಿಕೆ ಕಾಂಪ್ಯಾಕ್ಟ್ ತಟ್ಟಬೇಕು. ಪೆನ್ಸಿಲನ್ನು ರೆಪ್ಪೆಯ ಒಳಗಿನ ಒದ್ದೆ ಅಂಚಿಗೆ ಎಳೆಯದೆ, ಮೇಲಿನ ರೆಪ್ಪೆಗೂದಲುಗಳ ಬುಡದ ನಡುನಡುವೆ ಚುಕ್ಕೆ ಚುಕ್ಕೆಯಾಗಿ ಒತ್ತುತ್ತಾ ಹೋಗಬೇಕು. ಒಳ ಅಂಚಿನಲ್ಲಿ ಕಣ್ಣನ್ನು ತೇವವಾಗಿಡುವ ಎಣ್ಣೆಯ ಸಣ್ಣ ಗ್ರಂಥಿಗಳ ಬಾಯಿ ಇರುತ್ತದೆ. ದಿನವೂ ಅಲ್ಲಿ ಕಪ್ಪು ತುಂಬಿದರೆ ಕಣ್ಣು ಉರಿಯುತ್ತದೆ. ಚುಕ್ಕೆಗಳನ್ನು ಇಯರ್ ಬಡ್ಡಿನಿಂದ ಒಂದೇ ಸಲ ಹೊರಮುಖವಾಗಿ ಸವರಿ, ಅದರ ಮೇಲೆ ಗಾಢ ಕಂದು ಐಶ್ಯಾಡೋ ಒಂದಿಷ್ಟು ಒತ್ತಿದರೆ ಆ ಪುಡಿ ಕಾಡಿಗೆಯ ಮೇಣವನ್ನು ಹಿಡಿದಿಡುತ್ತದೆ. ಕೆಳಗಿನ ಅಂಚಿಗೆ ಹೊರಗಿನ ಮೂರನೇ ಒಂದು ಭಾಗಕ್ಕೆ ಮಾತ್ರ ಹಚ್ಚಿದರೆ ಕಣ್ಣು ದೊಡ್ಡದಾಗಿ ಕಾಣುತ್ತದೆ.

ಹೆಸರು ವಿಳಾಸವಿಲ್ಲದ ಸುರ್ಮಾ, ಕಾಡಿಗೆ ಡಬ್ಬಿಗಳನ್ನು ಕೊಳ್ಳಬೇಡಿ. ಕೆಲವು ಸಾಂಪ್ರದಾಯಿಕ ಸುರ್ಮಾಗಳಲ್ಲಿ ಸೀಸ ಇರುತ್ತದೆ, ಅದು ವಿಷ, ಮಕ್ಕಳಿಗಂತೂ ಇನ್ನೂ ಅಪಾಯ. ಪೊಟ್ಟಣದ ಮೇಲೆ ತಯಾರಿಕಾ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಬಳಕೆಯ ಅವಧಿ ಇವಿಷ್ಟೂ ಇರಬೇಕು. ಕಾಡಿಗೆಯನ್ನು ಅಕ್ಕತಂಗಿಯರ ನಡುವೆಯೂ ಹಂಚಿಕೊಳ್ಳಬಾರದು. ಮಸ್ಕರಾ ತೆರೆದ ಮೂರು ತಿಂಗಳಿಗೆ ಬಿಸಾಡುವುದೇ ಒಳ್ಳೆಯದು.

ಹುಬ್ಬಿನ ಕೂದಲುಗಳ ನಡುವಿನ ಖಾಲಿ ಜಾಗಕ್ಕೆ ಕಪ್ಪು ಬೇಡ, ಕಂದು ಪೆನ್ಸಿಲಿನಿಂದ ಕೂದಲಿನಂತೆ ಸಣ್ಣ ಸಣ್ಣ ಗೆರೆ ಎಳೆಯಿರಿ.

ತುಟಿ ಮತ್ತು ಹಣೆ

ಲಿಪ್‌ಸ್ಟಿಕ್ ಮಧ್ಯಾಹ್ನದ ಊಟದವರೆಗೆ ನಿಲ್ಲಬೇಕಾದರೆ, ಮೊದಲು ಲಿಪ್ ಬಾಮ್ ಹಚ್ಚಿ, ಜಡೆ ಮುಗಿಯುವಷ್ಟರಲ್ಲಿ ಅದು ಇಳಿದ ಮೇಲೆ ಒರೆಸಿ, ಒಂದು ತೆಳು ಪದರ ಬಣ್ಣ ಹಚ್ಚಿ, ಟಿಶ್ಯೂ ಕಚ್ಚಿ, ಇನ್ನೊಂದು ತೆಳು ಪದರ ಹಚ್ಚಬೇಕು. ಇಟ್ಟಿಗೆ ಕೆಂಪು, ಕಂದು ಗುಲಾಬಿ, ದಾಳಿಂಬೆ ಸಿಪ್ಪೆಯ ಬಣ್ಣ ನಮ್ಮ ಮೈಬಣ್ಣಗಳಿಗೆ ಬಹಳ ಚೆನ್ನಾಗಿ ಒಪ್ಪುತ್ತವೆ. ತೀರಾ ತಿಳಿ ಗುಲಾಬಿ ಮುಖವನ್ನು ಮಂಕಾಗಿಸುತ್ತದೆ.

ಹಣೆಯ ವಿಷಯದಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ನನ್ನ ಚಿಕ್ಕಮ್ಮ ಇಪ್ಪತ್ತು ವರ್ಷ ಒಂದೇ ಜಾಗದಲ್ಲಿ ಸ್ಟಿಕ್ಕರ್ ಬಿಂದಿ ಅಂಟಿಸುತ್ತಿದ್ದರು. ಮೊದಲು ತುರಿಕೆ, ಆಮೇಲೆ ಬಿಂದಿಯಷ್ಟೇ ಅಗಲದ ಬಿಳಿಯ ಮಚ್ಚೆ. ಅದನ್ನು ಮುಚ್ಚಲೆಂದು ಅವರು ಇನ್ನೂ ದೊಡ್ಡ ಬಿಂದಿ ಹಚ್ಚಿಕೊಳ್ಳತೊಡಗಿದರು, ಮಚ್ಚೆಯೂ ಜೊತೆಗೆ ಬೆಳೆಯಿತು. ಕೆಲವು ಬಿಂದಿಗಳ ಅಂಟಿನಲ್ಲಿರುವ ಪ್ಯಾರಾ ಟರ್ಷಿಯರಿ ಬ್ಯುಟೈಲ್ ಫೀನಾಲ್ ಎಂಬ ರಾಸಾಯನಿಕ ಚರ್ಮದ ಬಣ್ಣದ ಕೋಶಗಳನ್ನು ಕೊಲ್ಲುತ್ತದೆ ಎಂದು ಚರ್ಮವೈದ್ಯರು ಹೇಳಿದ ಮೇಲೆ ನಮ್ಮ ಮನೆಯಲ್ಲಿ ಎಲ್ಲರೂ ಅಭ್ಯಾಸ ಬದಲಿಸಿದೆವು. ರಾತ್ರಿ ಬಿಂದಿ ತೆಗೆದು ಅಂಟನ್ನು ಎಣ್ಣೆಯಿಂದ ಒರೆಸಬೇಕು, ಹಳೆಯದನ್ನು ಮತ್ತೆ ಅಂಟಿಸಬಾರದು, ತುರಿಸಿದರೆ ಆ ದಿನವೇ ನಿಲ್ಲಿಸಬೇಕು. ಕುಂಕುಮ ಇಡುವವರು ಅದು ಅರಿಸಿನ ಮತ್ತು ಸುಣ್ಣದಿಂದ ಮಾಡಿದ್ದೇ ಎಂದು ನೋಡಲು, ಚಿಟಿಕೆಗೆ ಎರಡು ಹನಿ ನಿಂಬೆರಸ ಹಾಕಿ. ಅರಿಸಿನದ್ದಾದರೆ ಕೆಂಪು ಮತ್ತೆ ಹಳದಿಗೆ ತಿರುಗುತ್ತದೆ. ಕೆಂಪಾಗಿಯೇ ಉಳಿದರೆ ಅದರಲ್ಲಿ ಬೇರೆ ಬಣ್ಣ ಬೆರೆತಿದೆ.

ಉಗುರು: ವಾರಕ್ಕೊಂದು ಸಂಜೆ

ಉಗುರಿನ ಕೆಲಸ ಬೆಳಗಿನದ್ದಲ್ಲ. ಭಾನುವಾರ ಸಂಜೆ, ಅಡುಗೆ ಮುಗಿದ ಮೇಲೆ ಅರ್ಧ ಗಂಟೆ ಇಟ್ಟುಕೊಳ್ಳಿ. ಕತ್ತರಿಸುವುದಕ್ಕಿಂತ ಫೈಲಿನಿಂದ ಒಂದೇ ದಿಕ್ಕಿಗೆ ಉಜ್ಜಿ, ಬೆರಳ ತುದಿಯ ಆಕಾರಕ್ಕೆ ಹೊಂದುವಂತೆ ದುಂಡಗೆ ಮಾಡಿದರೆ ಹಿಟ್ಟು ನಾದುವಾಗಲೂ ಟೈಪ್ ಮಾಡುವಾಗಲೂ ತೊಡಕಿಲ್ಲ. ಉಗುರಿನ ಬುಡದ ತೆಳು ಚರ್ಮವನ್ನು ಕತ್ತರಿಸಬಾರದು, ಅದು ಸೋಂಕು ಒಳಗೆ ಹೋಗದಂತೆ ಕಾಯುವ ಬಾಗಿಲು. ಬಿಸಿನೀರಿನಲ್ಲಿ ಐದು ನಿಮಿಷ ಅದ್ದಿ, ಎಣ್ಣೆ ಸವರಿ, ಬಟ್ಟೆಯಿಂದ ಮೆಲ್ಲನೆ ಹಿಂದಕ್ಕೆ ತಳ್ಳಿದರೆ ಸಾಕು.

ಬಣ್ಣ ಹಚ್ಚುವ ಮುನ್ನ ಎಣ್ಣೆಯ ಅಂಶ ಹೋಗುವಂತೆ ರಿಮೂವರ್‌ನಿಂದ ಒಮ್ಮೆ ಒರೆಸಿ, ಬೇಸ್ ಕೋಟ್ ಹಾಕಬೇಕು. ಇದಿಲ್ಲದೆ ಗಾಢ ಕೆಂಪು ಹಚ್ಚಿದರೆ ಉಗುರು ಹಳದಿಯಾಗುತ್ತದೆ. ಆಮೇಲೆ ಮೂರು ಗೆರೆ: ನಡುವೆ ಒಂದು, ಎರಡು ಬದಿಗೆ ಒಂದೊಂದು. ಎರಡು ತೆಳು ಪದರ ಹಾಕಿ, ನಡುವೆ ಐದು ನಿಮಿಷ ಬಿಡಿ. ಒಂದೇ ದಪ್ಪ ಪದರ ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿಯಾಗಿಯೇ ಇದ್ದು ಹೊದಿಕೆಯ ಗುರುತು ಹತ್ತಿಸಿಕೊಳ್ಳುತ್ತದೆ. ಕೊನೆಗೆ ಟಾಪ್ ಕೋಟ್ ಹಾಕುವಾಗ ಕುಂಚವನ್ನು ಉಗುರಿನ ಮುಂಚೂಣಿಯ ದಪ್ಪಕ್ಕೂ ಒಮ್ಮೆ ಸವರಬೇಕು. ಬಣ್ಣ ಎದ್ದುಬರುವುದು ಅಲ್ಲಿಂದಲೇ.

ಅಡುಗೆ ಮಾಡುವ ಕೈಗೆ ಯಾವ ಬಣ್ಣ ಎಂಬುದನ್ನು ವಿದೇಶದ ವೀಡಿಯೊಗಳು ಹೇಳುವುದಿಲ್ಲ. ಒಂದೇ ದಿನದ ಒಗ್ಗರಣೆಯ ಅರಿಸಿನ ತಿಳಿ ಗುಲಾಬಿ, ಕೆನೆ ಬಣ್ಣಗಳನ್ನು ಹಳದಿ ಮಾಡಿಬಿಡುತ್ತದೆ. ಇಟ್ಟಿಗೆ, ಕಾಫಿ, ನೇರಳೆ ಹಣ್ಣಿನ ಬಣ್ಣಗಳಲ್ಲಿ ಕಲೆ ಕಾಣುವುದಿಲ್ಲ.

ಗೋರಂಟಿ ಇನ್ನೂ ಸುಲಭ. ಹಸಿ ಸೊಪ್ಪನ್ನು ಸ್ವಲ್ಪ ಹುಣಸೆಹಣ್ಣು, ನಿಂಬೆರಸದೊಂದಿಗೆ ನುಣ್ಣಗೆ ರುಬ್ಬಿ, ಉಗುರು ಮುಚ್ಚುವಂತೆ ಟೊಪ್ಪಿಗೆಯಾಗಿ ಇಟ್ಟು, ಮೂರು ನಾಲ್ಕು ಗಂಟೆ ಬಿಡಬೇಕು. ಸೊಪ್ಪಿನಲ್ಲಿರುವ ಲಾಸೋನ್ ಎಂಬ ಬಣ್ಣ ಉಗುರಿನ ಕೆರಟಿನ್ ಎಂಬ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ, ತೆಗೆದಾಗ ಕಿತ್ತಳೆಯಾಗಿದ್ದದ್ದು ಒಂದೆರಡು ದಿನದಲ್ಲಿ ಕಡುಗೆಂಪಾಗುತ್ತದೆ. ಚರ್ಮದ ಮೇಲಿನ ಬಣ್ಣ ವಾರ ಎರಡು ವಾರಕ್ಕೆ ಹೋದರೂ ಉಗುರಿನದ್ದು ಉಗುರು ಬೆಳೆದೇ ಹೋಗಬೇಕು. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುವುದರಿಂದ ಆರು ತಿಂಗಳಾದರೂ ಬೇಕು. ಕೋನಿನಲ್ಲಿ ಬರುವ ಕಪ್ಪು ಮೆಹಂದಿಯನ್ನು ಮುಟ್ಟಲೇಬೇಡಿ. ಗೋರಂಟಿ ತಾನಾಗಿ ಕಪ್ಪು ಬಣ್ಣ ಕೊಡುವುದಿಲ್ಲ. ಆ ಕಪ್ಪು ಹೆಚ್ಚಾಗಿ ಪಿಪಿಡಿ ಎಂಬ ಕೂದಲ ಬಣ್ಣದ ರಾಸಾಯನಿಕದ್ದು, ಅದರಿಂದ ಬೊಬ್ಬೆ ಏಳಬಹುದು.

ರಾತ್ರಿ ತೆಗೆಯುವಾಗ

ಹತ್ತಿಯ ಉಂಡೆಗೆ ಒಂದೆರಡು ಹನಿ ಎಣ್ಣೆ ಹಾಕಿ, ಮುಚ್ಚಿದ ಕಣ್ಣಿನ ಮೇಲೆ ಹತ್ತು ಎಣಿಸುವವರೆಗೆ ಇಟ್ಟು ಕೆಳಮುಖವಾಗಿ ಒರೆಸಿದರೆ ಕಾಡಿಗೆ ಹೋಗುತ್ತದೆ. ಮೊಡವೆ ಬರುವ ಮುಖದವರು ಕೊಬ್ಬರಿ ಎಣ್ಣೆಯನ್ನು ಕಣ್ಣಿಗಷ್ಟೇ ಬಳಸಿ, ಉಳಿದದ್ದಕ್ಕೆ ಮೈಸೆಲಾರ್ ನೀರು (ಮೇಕಪ್ ಒರೆಸಲೆಂದೇ ಸಿಗುವ, ನೀರಿನಂಥ ದ್ರವ) ಬಳಸಲಿ. ನಂತರ ಫೇಸ್ ವಾಶ್. ಉಗುರುಬಣ್ಣವನ್ನು ಕೆರೆದು ತೆಗೆದರೆ ಉಗುರಿನ ಮೇಲ್ಪದರವೇ ಕಿತ್ತುಬರುತ್ತದೆ. ರಿಮೂವರಿನಲ್ಲಿ ನೆನೆಸಿದ ಹತ್ತಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದರೆ ಒಂದೇ ಒರೆತಕ್ಕೆ ಬರುತ್ತದೆ.

ಮಲಗುವ ಮುನ್ನ ಜಡೆ ಬಿಚ್ಚಿ, ನೆತ್ತಿಯನ್ನು ಬೆರಳ ತುದಿಯಿಂದ ಎರಡು ನಿಮಿಷ ಒತ್ತಿ, ಮತ್ತೆ ಎರಡು ಸಡಿಲ ಹೆರಳು ಹಾಕಿಕೊಂಡು ಮಲಗಿ. ಕೂದಲು ದಿಂಬಿಗೆ ಉಜ್ಜಿ ಸಿಕ್ಕಾಗುವುದಿಲ್ಲ, ಬೆಳಿಗ್ಗೆ ಬಿಚ್ಚಿದಾಗ ಯಾವ ಬಿಸಿ ಯಂತ್ರವೂ ಇಲ್ಲದೆ ಮೆಲ್ಲನೆಯ ಅಲೆಗಳು ಬಂದಿರುತ್ತವೆ. ಆ ದಿನ ಬಾಚಣಿಗೆ ಮುಟ್ಟದೆ, ಬೆರಳಾಡಿಸಿ, ಒಂದು ಕ್ಲಚ್ ಹಾಕಿಕೊಂಡು ಹೊರಟರೆ ಆಯಿತು.